ಕಿರುಪದಕ್ಕೆ ಹೆದರಬೇಡ, ಮಗಾ

ಮಗಾ, ನಿನ್ನ ಇಂಗ್ಲಿಷ್ ಪುಸ್ತಕದಲ್ಲಿ ‘ರೆಸ್ಪಾನ್ಸಿಬಿಲಿಟಿ’ಯಂಥ ಉದ್ದದ ಪದ ಬಂದರೆ ನೀನು ಹೆದರುವುದಿಲ್ಲ. ನಿಘಂಟು ತೆಗೆಯುತ್ತೀಯ, ಅರ್ಥ ನೋಡುತ್ತೀಯ, ಬರೆದುಕೊಳ್ಳುತ್ತೀಯ, ಅಲ್ಲಿಗೆ ಮುಗಿಯಿತು. ಕೈ ಕೊಡುವುದು ಚಿಕ್ಕ ಪದಗಳು. ‘ಗಿವ್’ ಎಂದರೆ ಕೊಡು, ‘ಅಪ್’ ಎಂದರೆ ಮೇಲೆ. ಎರಡೂ ನಿನಗೆ ಐದನೇ ಕ್ಲಾಸಿನಿಂದ ಗೊತ್ತು. ಆದರೆ ‘ಹಿ ಗೇವ್ ಅಪ್ ಸ್ಮೋಕಿಂಗ್’ ಎಂದು ಯಾರಾದರೂ ಹೇಳಿದರೆ ಅಲ್ಲಿ ಕೊಡುವುದೂ ಇಲ್ಲ, ಮೇಲೂ ಇಲ್ಲ. ಆತ ಬೀಡಿ ಬಿಟ್ಟ, ಅಷ್ಟೆ. ‘ಗೆಟ್’, ‘ಟೇಕ್’, ‘ಪುಟ್’, ‘ಲುಕ್’, ‘ಟರ್ನ್’, ‘ಕಮ್’, ‘ಗೋ’ ಮೊದಲಾದ ಹತ್ತಿಪ್ಪತ್ತು ಕ್ರಿಯಾಪದಗಳು, ‘ಅಪ್’, ‘ಆಫ್’, ‘ಔಟ್’, ‘ಆನ್’, ‘ಇನ್’, ‘ಡೌನ್’, ‘ಓವರ್’, ‘ಬ್ಯಾಕ್’ ಎಂಬ ಬೆರಳೆಣಿಕೆಯ ಕಿರುಪದಗಳು. ಇವು ಒಂದಕ್ಕೊಂದು ಜೋಡಿಯಾಗಿ ನಿಂತಾಗಲೇ ನಮ್ಮ ಮಕ್ಕಳು ತಡವರಿಸುವುದು.

ಆಂಧ್ರದ ಗಡಿಯಲ್ಲಿರುವ ನಮ್ಮ ಹೇಮಾವತಿ, ಅಮರಾಪುರ, ಅಗಳಿ, ರೊಳ್ಳ, ಗುಡಿಬಂಡೆ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ ಮಡಕಶಿರಾಕ್ಕೋ ಹಿಂದೂಪುರಕ್ಕೋ ಶಿರಾಕ್ಕೋ ಓದಲು ಹೋಗುವ ಎಷ್ಟೋ ಮಕ್ಕಳು ಈ ಜಾಗದಲ್ಲೇ ಧೈರ್ಯ ಕಳೆದುಕೊಂಡದ್ದನ್ನು ನೋಡಿದ್ದೇನೆ. ‘ನಾವು ಕನ್ನಡ ಮೀಡಿಯಂ ಸಾರ್, ನಮಗೆ ಬರಲ್ಲ’ ಎಂದು ತಲೆ ತಗ್ಗಿಸುತ್ತಾರೆ. ಆ ಮಾತು ತಪ್ಪು. ನಾನು ನಿನಗೆ ಇವತ್ತು ಹೇಳಬೇಕೆಂದಿರುವುದು ಇದೊಂದೇ: ಈ ಜೋಡುಪದಗಳನ್ನು ಕಲಿಯಲು ಬೇಕಾದ ಬುದ್ಧಿಯನ್ನು ನಿನಗೆ ನಿನ್ನ ಕನ್ನಡವೇ ಆಗಲೇ ಕೊಟ್ಟಿದೆ. ಅದನ್ನು ಬಳಸಿಕೊ. ಪಟ್ಟಿ ಬಾಯಿಪಾಠ ಮಾಡಬೇಡ. ನಿನ್ನ ದಿನದ ವಾಕ್ಯದಲ್ಲಿ ಕಲಿ.

ಮೊದಲು ಒಂದು ಸಮಾಧಾನದ ಮಾತು. ಈ ತೊಡಕು ನಿನ್ನೊಬ್ಬನದಲ್ಲ. ಸ್ಯಾಮ್ಯುಯೆಲ್ ಜಾನ್ಸನ್ ಎಂಬ ದೊಡ್ಡ ವಿದ್ವಾಂಸ 1755ರಲ್ಲಿ ತನ್ನ ಇಂಗ್ಲಿಷ್ ನಿಘಂಟನ್ನು ಹೊರತಂದಾಗ, ಕ್ರಿಯಾಪದದ ಹಿಂದೆ ಕಿರುಪದ ಸೇರಿ ಅರ್ಥ ಬದಲಾಗುವ ಈ ರೀತಿಯೇ ಹೊರಗಿನವರಿಗೆ ಎಲ್ಲಕ್ಕಿಂತ ಕಷ್ಟದ್ದೆಂದು ಮುನ್ನುಡಿಯಲ್ಲೇ ಬರೆದ. ಫ್ರೆಂಚರಿಗೆ, ಚೀನಿಯರಿಗೆ, ಹಿಂದಿಯವರಿಗೆ ಎಲ್ಲರಿಗೂ ಇದು ತೊಡಕೇ. ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಬಂದ ಕೊರತೆ ಇದಲ್ಲ.

ಈಗ ನಿನ್ನ ಬಾಯಲ್ಲೇ ಇರುವುದನ್ನು ನೋಡು. ‘ಹೇಳು’ ಎಂಬ ಒಂದು ಪದ ತೆಗೆದುಕೊ. ‘ಹೇಳಿಕೊಡು’ ಎಂದರೆ ಕಲಿಸು. ‘ಹೇಳಿಕೊ’ ಎಂದರೆ ಮನಸ್ಸಿನಲ್ಲಿದ್ದುದನ್ನು ತೋಡಿಕೊ. ‘ಹೇಳಿಬಿಡು’ ಎಂದರೆ ಇನ್ನು ಮುಚ್ಚಿಡಬೇಡ. ‘ಹೇಳಿಕಳಿಸು’ ಎಂದರೆ ಇನ್ನೊಬ್ಬರ ಮೂಲಕ ಸುದ್ದಿ ಮುಟ್ಟಿಸು. ‘ಹೇಳಿ ನೋಡು’ ಎಂಬಲ್ಲಿ ಕಣ್ಣಿನ ಕೆಲಸವೇನೂ ಇಲ್ಲ, ಪ್ರಯತ್ನ ಮಾಡು ಎಂದಷ್ಟೇ ಅರ್ಥ. ಕೊಡು, ಕೊಳ್ಳು, ಬಿಡು, ನೋಡು ಎಂಬವು ಬೇರೆ ಪದದ ಬೆನ್ನಿಗೆ ಸೇರಿದಾಗ ತಮ್ಮ ಹಳೆಯ ಅರ್ಥವನ್ನು ಸಡಿಲಿಸಿ ಹೊಸ ಕೆಲಸ ಮಾಡುತ್ತವೆ. ಇದನ್ನು ನಿನಗೆ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ. ಅಮ್ಮ ಹೇಳಿದ್ದು, ಅಜ್ಜಿ ಬೈದದ್ದು, ಗೆಳೆಯರು ಕೂಗಿದ್ದು ಕೇಳಿ ಕೇಳಿ ಬಂತು. ತೆಲುಗೂ ಹಾಗೆಯೇ: ‘ಚೂಡು’ ಎಂದರೆ ನೋಡು, ‘ಚೂಸುಕೋ’ ಎಂದರೆ ನೋಡಿಕೊ. ಬಸ್ ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಮಂಡಲ ಆಫೀಸಿನಲ್ಲಿ ತೆಲುಗು ಕೇಳಿ ಬೆಳೆದ ನಿನಗೆ ಅದೂ ಗೊತ್ತು. ‘ನೋಡು’ವಿನಿಂದ ‘ನೋಡಿಕೊ’ಗೆ ಅರ್ಥ ಹೇಗೆ ಜಾರುತ್ತದೋ ‘ಲುಕ್’ನಿಂದ ‘ಲುಕ್ ಆಫ್ಟರ್’ಗೆ ಹಾಗೆಯೇ ಜಾರುತ್ತದೆ. ‘ಮೈ ಸಿಸ್ಟರ್ ಲುಕ್ಸ್ ಆಫ್ಟರ್ ದ ಕೌಸ್’ – ಅಕ್ಕ ಹಸುಗಳನ್ನು ನೋಡಿಕೊಳ್ಳುತ್ತಾಳೆ. ಎಷ್ಟು ಹತ್ತಿರ ನೋಡು!

ಇನ್ನೂ ಹತ್ತಿರದ್ದಿವೆ. ಮೀಟಿಂಗನ್ನು ‘ಮುಂದೂಡಿದರು’ ಎನ್ನುತ್ತೇವಲ್ಲ, ಮುಂದೆ ದೂಡುವುದೇ ಮುಂದೂಡುವುದು. ಇಂಗ್ಲಿಷಿನಲ್ಲಿ ‘ಪುಟ್ ಆಫ್’. ಕೆಲಸ ‘ಮುಂದುವರಿಸು’ ಎನ್ನುವಲ್ಲಿ ‘ಕ್ಯಾರಿ ಆನ್’. ಅರ್ಜಿಯನ್ನು ‘ತಳ್ಳಿಹಾಕಿದರು’ ಎನ್ನುವಲ್ಲಿ ‘ಟರ್ನ್ಡ್ ಡೌನ್’. ಆಸೆಯನ್ನು ‘ಕೈಬಿಟ್ಟ’ ಎನ್ನುವಲ್ಲಿ ‘ಗೇವ್ ಅಪ್’. ಹಿಂದೆ, ಮುಂದೆ, ಮೇಲೆ, ಹೊರಗೆ ಎಂಬ ದಿಕ್ಕಿನ ಪದಗಳನ್ನು ಕ್ರಿಯೆಗೆ ಹೊಂದಿಸಿ ಹೊಸ ಅರ್ಥ ಹುಟ್ಟಿಸುವುದು ಕನ್ನಡಕ್ಕೆ ನೀರು ಕುಡಿದಷ್ಟು ಸಲೀಸು. ಕನ್ನಡದಲ್ಲಿ ದಿಕ್ಕಿನ ಪದ ಮೊದಲು ಬರುತ್ತದೆ, ಇಂಗ್ಲಿಷಿನಲ್ಲಿ ಆಮೇಲೆ ಬರುತ್ತದೆ. ವ್ಯತ್ಯಾಸ ಮುಖ್ಯವಾಗಿ ಜಾಗದ್ದು.

ಇನ್ನು ಕಿರುಪದಗಳ ಗುಣ ತಿಳಿದುಕೊ. ಪ್ರತಿಯೊಂದಕ್ಕೂ ಮೊದಲು ಒಂದು ದಿಕ್ಕು ಇರುತ್ತದೆ, ಆ ದಿಕ್ಕಿನಿಂದ ಬೇರೆ ಅರ್ಥಗಳು ಬೆಳೆಯುತ್ತವೆ. ‘ಅಪ್’ ಎಂದರೆ ಮೇಲೆ. ಪಾತ್ರೆ ತುಂಬುತ್ತಾ ನೀರು ಮೇಲೆ ಬಂದರೆ ಪೂರ್ತಿಯಾಯಿತು ಎಂದರ್ಥವಲ್ಲವೆ? ಹಾಗಾಗಿ ‘ಅಪ್’ ಅನೇಕ ಕಡೆ ‘ಪೂರ್ತಿ’ ಎನ್ನುವ ಅರ್ಥ ಕೊಡುತ್ತದೆ. ‘ಈಟ್ ಅಪ್’ ಎಂದರೆ ತಟ್ಟೆಯಲ್ಲಿ ಬಿಡದೆ ತಿನ್ನು. ‘ಡ್ರೈ ಅಪ್’ ಎಂದರೆ ಬತ್ತಿಹೋಗು. ಅನಂತಪುರ ಸೀಮೆಯವರಿಗೆ ಈ ಜೋಡಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಆಸುಪಾಸಿನ ಮಳೆಯ ನಾಡು ನಮ್ಮದು. ಅದೂ ಕೈ ಕೊಟ್ಟ ವರ್ಷ ‘ದ ಟ್ಯಾಂಕ್ ಹ್ಯಾಸ್ ಡ್ರೈಡ್ ಅಪ್’ ಎಂದು ಊರೂರಿನಲ್ಲೂ ಹೇಳಬೇಕಾಗುತ್ತದೆ. ‘ಕೆರೆ ಬತ್ತಿದೆ’ ಎನ್ನುವುದಕ್ಕೂ ‘ಕೆರೆ ಬತ್ತಿಹೋಗಿದೆ’ ಎನ್ನುವುದಕ್ಕೂ ಇರುವ ಅಂತರವೇ ‘ಡ್ರೈಡ್’ ಮತ್ತು ‘ಡ್ರೈಡ್ ಅಪ್’ ನಡುವೆ ಇರುವುದು. ಆ ‘ಹೋಗು’ ಮಾಡುವ ಕೆಲಸವನ್ನು ಇಲ್ಲಿ ‘ಅಪ್’ ಮಾಡುತ್ತದೆ.

‘ಆಫ್’ ಎಂದರೆ ಅಂಟಿಕೊಂಡದ್ದು ಬೇರೆಯಾಗುವುದು. ‘ಟೇಕ್ ಆಫ್’, ‘ಕಟ್ ಆಫ್’, ‘ಸ್ವಿಚ್ ಆಫ್’. ಬೋರ್‌ವೆಲ್ಲಿನ ಮೋಟರು ನಿಂತಾಗ ನಾವು ‘ಕರೆಂಟ್ ಹೋಯ್ತು’ ಎನ್ನುತ್ತೇವೆ. ಅದನ್ನೇ ‘ಕರೆಂಟ್ ವೆಂಟ್’ ಎಂದು ಇಂಗ್ಲಿಷ್ ಮಾಡುವ ಮಕ್ಕಳಿದ್ದಾರೆ. ಕರೆಂಟು ಎಲ್ಲಿಗೋ ನಡೆದು ಹೋಗಲಿಲ್ಲ, ತಂತಿಯ ಸಂಪರ್ಕ ತಪ್ಪಿತು. ಹಾಗಾಗಿ ‘ದ ಪವರ್ ವೆಂಟ್ ಆಫ್’. ಬಂದಾಗ ‘ದ ಪವರ್ ಕೇಮ್ ಬ್ಯಾಕ್ ಆನ್’. ಓಲ್ಟೇಜು ಏರುಪೇರಾಗಿ ಮೋಟರು ಸುಟ್ಟರೆ ‘ದ ಮೋಟರ್ ಬರ್ನ್ಟ್ ಔಟ್’. ‘ಔಟ್’ ಎನ್ನುವುದು ಹೊರಗೆ ಹೋಗುವುದನ್ನೂ ಮುಗಿದು ಹೋಗುವುದನ್ನೂ ಬಯಲಿಗೆ ಬರುವುದನ್ನೂ ಹೇಳುತ್ತದೆ. ‘ವಿ ರ‍್ಯಾನ್ ಔಟ್ ಆಫ್ ಡೀಸೆಲ್’ – ಡೀಸೆಲ್ ಮುಗಿದುಹೋಯಿತು. ‘ಐ ಫೌಂಡ್ ಔಟ್ ದ ಟ್ರೂತ್’ – ನಿಜ ಏನೆಂದು ಪತ್ತೆಹಚ್ಚಿದೆ. ‘ಆನ್’ ಎನ್ನುವುದು ಅಂಟಿರುವುದನ್ನೂ ಬಿಡದೆ ನಡೆಯುವುದನ್ನೂ ಹೇಳುತ್ತದೆ: ‘ಕೀಪ್ ಆನ್ ರೀಡಿಂಗ್’ ಎಂದರೆ ಓದುತ್ತಲೇ ಇರು. ‘ಡೌನ್’ ಎನ್ನುವುದು ಇಳಿಕೆಯನ್ನೂ ಕುಸಿತವನ್ನೂ ಹೇಳುತ್ತದೆ. ಮಾತನ್ನು ಹಾಳೆಯ ಮೇಲೆ ಇಳಿಸಿದರೆ ‘ರೈಟ್ ಡೌನ್’. ಈ ಗುಣಗಳು ಮನಸ್ಸಿನಲ್ಲಿದ್ದರೆ ಹೊಸ ಜೋಡಿ ಎದುರಾದಾಗ ಹತ್ತರಲ್ಲಿ ನಾಲ್ಕೈದನ್ನು ಊಹಿಸಬಹುದು. ಉಳಿದದ್ದು ರೂಢಿಯಿಂದ ಬರುತ್ತದೆ.

ಇನ್ನೊಂದು ವಿಷಯ ಹೇಳುತ್ತೇನೆ, ಗಮನ ಕೊಟ್ಟು ಕೇಳು. ಕನ್ನಡವು ಒಂದೊಂದು ಕೆಲಸಕ್ಕೆ ಒಂದೊಂದು ಕ್ರಿಯಾಪದ ಇಟ್ಟುಕೊಂಡಿರುವ ಕಡೆ ಇಂಗ್ಲಿಷು ಒಂದೇ ಕ್ರಿಯಾಪದಕ್ಕೆ ಬೇರೆ ಬೇರೆ ಕಿರುಪದ ಜೋಡಿಸಿ ಕೆಲಸ ತೂಗಿಸುತ್ತದೆ. ನಿಮ್ಮ ಮನೆಯ ರೇಷ್ಮೆ ಕೆಲಸವನ್ನೇ ನೋಡು. ಚಾಕಿ ಹುಳುವಿಗೆ, ಅಂದರೆ ಎಳೆಯ ಮರಿಗೆ, ದೊಡ್ಡ ಎಲೆ ತಿನ್ನಲಾಗದು. ಅಮ್ಮ ಎಳೆಯ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ತಟ್ಟೆಯ ಮೇಲೆ ಉದುರಿಸುತ್ತಾಳೆ: ‘ಶಿ ಕಟ್ಸ್ ಅಪ್ ದ ಲೀವ್ಸ್’. ನಾಲ್ಕು ಸಲ ಪೊರೆ ಬಿಟ್ಟು ನಾಲ್ಕು ಜ್ವರ ದಾಟಿದ ದೊಡ್ಡ ಹುಳುವಿಗೆ ಹೆಚ್ಚುವ ಗೋಜಿಲ್ಲ, ಅಪ್ಪ ತೋಟದಿಂದ ರೆಂಬೆಯನ್ನೇ ಕೊಯ್ದು ತರುತ್ತಾನೆ: ‘ಹಿ ಕಟ್ಸ್ ಆಫ್ ದ ಬ್ರಾಂಚಸ್’. ತೋಟದ ಅಂಚಿನ ಒಣಮರವನ್ನು ಕಡಿದು ಉರುಳಿಸಿದರೆ ‘ಹಿ ಕಟ್ ಡೌನ್ ದ ಟ್ರೀ’. ಪೇಪರಿನಲ್ಲಿ ಬಂದ ರೇಷ್ಮೆ ಇಲಾಖೆಯ ಪ್ರಕಟಣೆಯನ್ನು ನೀನು ಕತ್ತರಿಸಿ ಇಟ್ಟುಕೊಂಡರೆ ‘ಐ ಕಟ್ ಔಟ್ ದ ನೋಟಿಸ್’. ವೈದ್ಯರು ತಾತನಿಗೆ ಸಕ್ಕರೆ ಕಡಿಮೆ ಮಾಡಿ ಎಂದರೆ ‘ಕಟ್ ಡೌನ್ ಆನ್ ಶುಗರ್’. ಹೆಚ್ಚು, ಕೊಯ್ಯಿ, ಕಡಿ, ಕತ್ತರಿಸು, ಕಡಿಮೆ ಮಾಡು – ನಮಗೆ ಐದು, ಅವರಿಗೆ ಒಂದೇ ‘ಕಟ್’. ಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಬಿಡಿಸಿದ ಗೂಡನ್ನು ಹಿಂದೂಪುರದ ಮಾರುಕಟ್ಟೆಗೆ ಒಯ್ದಾಗ ಅಪ್ಪ ಫೋನು ಮಾಡಿ ಹೇಳುವ ಮಾತೂ ಇದೇ ಬಗೆಯದು: ರೇಟು ಏರಿತು ಎಂದರೆ ‘ದ ಪ್ರೈಸ್ ವೆಂಟ್ ಅಪ್’, ಇಳಿಯಿತು ಎಂದರೆ ‘ದ ಪ್ರೈಸ್ ಕೇಮ್ ಡೌನ್’.

ಉಡುಗೆಯ ಮಾತು ಇನ್ನೂ ಚೆಂದ. ಸೀರೆ ಉಡುತ್ತೇವೆ, ಅಂಗಿ ತೊಡುತ್ತೇವೆ, ಹೂ ಮುಡಿಯುತ್ತೇವೆ, ಕುಂಕುಮ ಇಟ್ಟುಕೊಳ್ಳುತ್ತೇವೆ, ರುಮಾಲು ಸುತ್ತುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ಇಂಗ್ಲಿಷಿನಲ್ಲಿ ಇಷ್ಟಕ್ಕೂ ‘ಪುಟ್ ಆನ್’ ಸಾಕು. ಬಿಚ್ಚುವುದು, ಕಳಚುವುದು, ತೆಗೆಯುವುದು, ಬಿಡುವುದು – ಇಷ್ಟಕ್ಕೂ ‘ಟೇಕ್ ಆಫ್’ ಸಾಕು. ಒಂದು ಎಚ್ಚರ ಮಾತ್ರ ಇರಲಿ: ‘ಪುಟ್ ಆನ್’ ಎನ್ನುವುದು ತೊಡುವ ಆ ಗಳಿಗೆಯ ಕೆಲಸ, ತೊಟ್ಟುಕೊಂಡು ಇರುವುದಕ್ಕೆ ‘ವೇರ್’. ‘ಶಿ ಪುಟ್ ಆನ್ ಎ ಗ್ರೀನ್ ಸಾರಿ’ ಎಂದರೆ ಹಸಿರು ಸೀರೆ ಉಟ್ಟುಕೊಂಡಳು. ‘ಶಿ ಈಸ್ ವೇರಿಂಗ್ ಎ ಗ್ರೀನ್ ಸಾರಿ’ ಎಂದರೆ ಉಟ್ಟುಕೊಂಡಿದ್ದಾಳೆ.

ಇಲ್ಲಿ ಒಂದು ಕಳಕಳಿಯ ಮಾತು. ಪೇಟೆಗೆ ಹೋದ ನಮ್ಮ ಮಕ್ಕಳು ಈಗ ಸೀರೆ ‘ಹಾಕ್ಕೊಂಡೆ’, ಹೂ ‘ಹಾಕ್ಕೊಂಡೆ’, ಕುಂಕುಮ ‘ಹಾಕ್ಕೊಂಡೆ’ ಎನ್ನತೊಡಗಿದ್ದಾರೆ. ಹಾಗೆ ಮಾಡಬೇಡ. ಉಡು, ತೊಡು, ಮುಡಿ ಎಂಬ ಪದಗಳನ್ನು ಬಿಟ್ಟುಕೊಟ್ಟರೆ ಇಂಗ್ಲಿಷು ಹೆಚ್ಚು ಬರುವುದಿಲ್ಲ, ಕನ್ನಡ ಕಡಿಮೆಯಾಗುತ್ತದೆ ಅಷ್ಟೆ. ಯಾವ ಕೆಲಸಕ್ಕೆ ಯಾವ ಪದ ಎಂಬ ವಿವೇಚನೆ ಒಂದು ಭಾಷೆಯಲ್ಲಿ ಹರಿತವಾಗಿದ್ದರೆ ಇನ್ನೊಂದರಲ್ಲೂ ಹರಿತವಾಗುತ್ತದೆ. ಇಲ್ಲಿ ಮೊಂಡಾದದ್ದು ಅಲ್ಲಿಯೂ ಮೊಂಡೇ.

ಕೆಲವು ನಿಯಮಗಳನ್ನು ಗಟ್ಟಿ ಮಾಡಿಕೊ. ಒಂದು, ಕಾಲ ಬದಲಾದಾಗ ಬದಲಾಗುವುದು ಕ್ರಿಯಾಪದ ಮಾತ್ರ, ಕಿರುಪದ ಅಲ್ಲಾಡುವುದಿಲ್ಲ: ‘ಗಿವ್ ಅಪ್’, ‘ಗೇವ್ ಅಪ್’, ‘ಗಿವನ್ ಅಪ್’. ಎರಡು, ಕೆಲವು ಜೋಡಿಗಳ ನಡುವೆ ಹೆಸರನ್ನು ಕೂರಿಸಬಹುದು. ‘ಸ್ವಿಚ್ ಆಫ್ ದ ಮೋಟರ್’ ಎಂದರೂ ಸರಿ, ‘ಸ್ವಿಚ್ ದ ಮೋಟರ್ ಆಫ್’ ಎಂದರೂ ಸರಿ. ಆದರೆ ಹೆಸರಿನ ಬದಲು ‘ಇಟ್’, ‘ದೆಮ್’, ‘ಹಿಮ್’ ಬಂದರೆ ಅದು ನಡುವೆಯೇ ಕೂರಬೇಕು: ‘ಸ್ವಿಚ್ ಇಟ್ ಆಫ್’. ‘ಸ್ವಿಚ್ ಆಫ್ ಇಟ್’ ಎಂದರೆ ತಪ್ಪು. ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಮೂರು, ‘ಲುಕ್ ಆಫ್ಟರ್’, ‘ಲುಕ್ ಫಾರ್’ ಮುಂತಾದವನ್ನು ಬಿಡಿಸುವಂತಿಲ್ಲ: ‘ಲುಕ್ ಆಫ್ಟರ್ ಹರ್’ ಎನ್ನಬೇಕು, ‘ಲುಕ್ ಹರ್ ಆಫ್ಟರ್’ ಎನ್ನಬಾರದು. ನಾಲ್ಕು, ಮೂರು ಪದ ಸೇರಿ ನಿಲ್ಲುವವೂ ಉಂಟು. ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊ: ‘ವಿ ಪುಟ್ ಅಪ್ ವಿತ್ ದ ಹೀಟ್’. ‘ಲುಕ್ ಫಾರ್ವರ್ಡ್ ಟು’ ಎಂದರೆ ಎದುರುನೋಡು. ಅದರ ಮುಂದೆ ಕ್ರಿಯೆ ಬಂದರೆ ‘ಇಂಗ್’ ರೂಪ ಬರಬೇಕು: ‘ಐ ಲುಕ್ ಫಾರ್ವರ್ಡ್ ಟು ಮೀಟಿಂಗ್ ಯು’. ಉದ್ಯೋಗದ ಅರ್ಜಿಯ ಕೊನೆಯಲ್ಲಿ ಇದೊಂದು ವಾಕ್ಯವನ್ನು ಸರಿಯಾಗಿ ಬರೆದರೂ ಓದುವವರಿಗೆ ನಿನ್ನ ಮೇಲೆ ಗೌರವ ಬರುತ್ತದೆ.

ಉಚ್ಚಾರಣೆಗೂ ಒಂದು ಕಿವಿಮಾತು. ಇಂಗ್ಲಿಷಿನವರು ಮಾತನಾಡುವಾಗ ಈ ಪದಗಳು ಒಂದರೊಳಗೊಂದು ಸೇರಿಹೋಗುತ್ತವೆ: ‘ಗಿವಪ್’, ‘ಟೇಕಾಫ್’, ‘ಪುಟಾನ್’. ಸಿನಿಮಾ ನೋಡುವಾಗ, ಕಾಮೆಂಟರಿ ಕೇಳುವಾಗ ‘ತುಂಬಾ ಫಾಸ್ಟು, ಹಿಡಿಯೋಕಾಗಲ್ಲ’ ಎನ್ನುತ್ತೀಯಲ್ಲ, ಅರ್ಧ ಕಾರಣ ಇದೇ. ಸಂಧಿ ಓದಿದ ನಿನಗೆ ಇದು ಹೊಸತೇನಲ್ಲ. ಪದಗಳು ಕೂಡುವ ಜಾಗಕ್ಕೆ ಕಿವಿಗೊಡು, ತಾನಾಗಿ ಬಿಡಿಸಿಕೊಳ್ಳುತ್ತವೆ. ಹೇಳುವಾಗ ಸಾಮಾನ್ಯವಾಗಿ ಒತ್ತು ಕಿರುಪದದ ಮೇಲೆ ಬೀಳಲಿ: ‘ವೇಕ್ ಅಪ್’ ಎಂಬಲ್ಲಿ ‘ಅಪ್’ ಗಟ್ಟಿಯಾಗಿ ಕೇಳಬೇಕು.

ಅಷ್ಟೇಕೆ, ಇವುಗಳಲ್ಲಿ ಎಷ್ಟೋ ಆಗಲೇ ನಮ್ಮ ಮನೆಗೆ ಬಂದು ಕೂತಿವೆ. ಶೇಂಗಾ ಮೂಟೆ ಹೇರುವ ‘ಪಿಕಪ್’ ಗಾಡಿ, ಆಸ್ಪತ್ರೆಯ ‘ಚೆಕಪ್’, ನಾಟಕದವರ ‘ಮೇಕಪ್ಪು’ ಮತ್ತು ‘ಗೆಟಪ್ಪು’, ಚುನಾವಣೆಯ ‘ಕಟೌಟು’, ದಾರಿಯಲ್ಲಿ ‘ಬ್ರೇಕ್‌ಡೌನ್’ ಆದ ಬಸ್ಸು, 2020ರ ‘ಲಾಕ್‌ಡೌನ್’, ಕಂಪ್ಯೂಟರಿನ ‘ಲಾಗಿನ್’. ಇವೆಲ್ಲ ಹೆಸರುಪದಗಳಾಗಿ ನಿನ್ನ ಬಾಯಲ್ಲಿವೆ. ಒಂದೊಂದನ್ನೂ ಬಿಡಿಸಿ ಕ್ರಿಯೆ ಮಾಡಿ ನೋಡು. ‘ದ ಬಸ್ ಬ್ರೋಕ್ ಡೌನ್ ನಿಯರ್ ಅಗಳಿ’, ‘ಮೈ ಅಂಕಲ್ ಪಿಕ್ಡ್ ಮಿ ಅಪ್ ಫ್ರಂ ಮಡಕಶಿರಾ’. ಕಲಿಕೆ ಶುರುಮಾಡಲು ಇದಕ್ಕಿಂತ ಸುಲಭದ ಬಾಗಿಲಿಲ್ಲ.

ನಾವು ಹಾಗೇ ರೂಢಿ ಮಾಡಿಕೊಂಡ ಕೆಲವು ಪ್ರಯೋಗಗಳ ಬಗ್ಗೆ ಎಚ್ಚರವಿರಲಿ. ‘ಐ ಪಾಸ್ಡ್ ಔಟ್ ಇನ್ 2022’ ಎಂದು ನಮ್ಮ ದೇಶದಲ್ಲಿ ಹೇಳಿದರೆ ಡಿಗ್ರಿ ಮುಗಿಸಿದೆ ಎಂದು ತಿಳಿಯುತ್ತಾರೆ. ಸೈನ್ಯದ ತರಬೇತಿ ಮುಗಿಸಿದವರ ಪೆರೇಡಿಗೂ ಆ ಹೆಸರಿದೆ. ಆದರೆ ಹೊರದೇಶದವರ ಮುಂದೆ ಹೇಳಿದರೆ ‘ಪ್ರಜ್ಞೆ ತಪ್ಪಿ ಬಿದ್ದೆ’ ಎಂದು ಅರ್ಥವಾಗುತ್ತದೆ. ಅಲ್ಲಿ ‘ಐ ಗ್ರ್ಯಾಜುಯೇಟೆಡ್’ ಎನ್ನು. ‘ರಿಟರ್ನ್ ಬ್ಯಾಕ್’, ‘ರಿಪ್ಲೈ ಬ್ಯಾಕ್’ ಬೇಡ. ‘ರಿಟರ್ನ್’ ಎಂಬುದರಲ್ಲೇ ಹಿಂದಕ್ಕೆ ಎನ್ನುವುದು ಇದೆ. ‘ಡಿಸ್ಕಸ್ ಅಬೌಟ್’ ಬೇಡ, ‘ಡಿಸ್ಕಸ್’ ಸಾಕು. ‘ಕೋಪ್ ಅಪ್ ವಿತ್’ ಬೇಡ, ‘ಕೋಪ್ ವಿತ್’ ಸಾಕು. ‘ಓಪನ್ ದ ಟಿವಿ’ ಅಲ್ಲ, ‘ಟರ್ನ್ ಆನ್ ದ ಟಿವಿ’. ಬಸ್ಸಿನಿಂದ ಇಳಿಯುವುದಕ್ಕೆ ನಾವು ‘ಗೆಟ್ ಡೌನ್’ ಎನ್ನುತ್ತೇವೆ, ನಮ್ಮ ನಡುವೆ ನಡೆಯುತ್ತದೆ. ಹೊರಗಿನವರು ‘ಗೆಟ್ ಆಫ್’ ಎನ್ನುತ್ತಾರೆ. ಬಸ್ಸು, ರೈಲು, ವಿಮಾನದಂಥ ದೊಡ್ಡ ವಾಹನಕ್ಕೆ ‘ಗೆಟ್ ಆನ್’, ‘ಗೆಟ್ ಆಫ್’. ಕಾರು, ಆಟೋಗೆ ‘ಗೆಟ್ ಇನ್’, ‘ಗೆಟ್ ಔಟ್’. ಶಿರಾ ಬಸ್ಸು ಹತ್ತುವಾಗ ಒಂದು, ಅಲ್ಲಿ ಇಳಿದು ಆಟೋ ಹತ್ತುವಾಗ ಇನ್ನೊಂದು ಮನಸ್ಸಿನಲ್ಲೇ ಹೇಳಿಕೊ. ನಾಲ್ಕು ಸಲ ಹೋಗಿಬಂದರೆ ಮರೆಯುವುದಿಲ್ಲ.

ಎಲ್ಲಿ ಯಾವುದನ್ನು ಬಳಸಬೇಕು ಎಂಬ ವಿವೇಚನೆಯೂ ಬೇಕು. ‘ಗೆಟ್’, ‘ಟೇಕ್’ ಎಂಬ ಪದಗಳು ಉತ್ತರದ ಕಡಲಾಚೆಯಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯದ ಜನರ ಮಾತಿನಿಂದ ಇಂಗ್ಲಿಷಿಗೆ ಸೇರಿದವು. 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಯಲ್ಲಿ, ನ್ಯಾಯಾಲಯದಲ್ಲಿ ಫ್ರೆಂಚ್ ನಡೆಯಿತು. ಲ್ಯಾಟಿನ್ನಿನಿಂದಲೂ ಪದಗಳು ಬಂದವು. ಹೀಗಾಗಿ ಒಂದೇ ಅರ್ಥಕ್ಕೆ ಮನೆಯ ಮಾತೊಂದು, ಕಚೇರಿಯ ಮಾತೊಂದು ಉಳಿದುಕೊಂಡಿತು. ಮಾತಿನಲ್ಲಿ ‘ಪುಟ್ ಆಫ್’, ಪತ್ರದಲ್ಲಿ ‘ಪೋಸ್ಟ್‌ಪೋನ್’. ಮಾತಿನಲ್ಲಿ ‘ಪುಟ್ ಔಟ್ ದ ಫೈರ್’, ವರದಿಯಲ್ಲಿ ‘ಎಕ್ಸ್‌ಟಿಂಗ್ವಿಶ್’. ಮಾತಿನಲ್ಲಿ ‘ಲುಕ್ ಇನ್‌ಟು’, ಅರ್ಜಿಯಲ್ಲಿ ‘ಇನ್ವೆಸ್ಟಿಗೇಟ್’. ತಹಶೀಲ್ದಾರರಿಗೆ ಬರೆಯುವಾಗ ಎರಡನೆಯದು ಒಪ್ಪುತ್ತದೆ. ಸ್ನೇಹಿತರ ಜೊತೆ, ಹಾಸ್ಟೆಲಿನಲ್ಲಿ, ಫೋನಿನಲ್ಲಿ ಮೊದಲನೆಯದೇ ಸಹಜ. ಪುಸ್ತಕದ ಇಂಗ್ಲಿಷು ಮಾತ್ರ ಕಲಿತವನು ಮಾತಿಗೆ ನಿಂತಾಗ ತೊದಲುವುದು ಈ ಮನೆಯ ಮಾತು ಬಾರದ್ದರಿಂದ.

ಫೋನಿನದೇ ತೆಗೆದುಕೊ. ‘ಹೋಲ್ಡ್ ಆನ್’ ಎಂದರೆ ಸ್ವಲ್ಪ ತಡಿ. ‘ಸ್ಪೀಕ್ ಅಪ್’ ಎಂದರೆ ಜೋರಾಗಿ ಮಾತಾಡು. ‘ಯುವರ್ ವಾಯ್ಸ್ ಈಸ್ ಬ್ರೇಕಿಂಗ್ ಅಪ್’ ಎಂದರೆ ಮಾತು ಕಡಿದು ಕಡಿದು ಕೇಳುತ್ತಿದೆ. ‘ಐ ವಿಲ್ ಕಾಲ್ ಯು ಬ್ಯಾಕ್’ ಎಂದರೆ ನಾನೇ ತಿರುಗಿ ಮಾಡುತ್ತೇನೆ. ‘ಡೋಂಟ್ ಹ್ಯಾಂಗ್ ಅಪ್’ ಎಂದರೆ ಇಡಬೇಡ. ಬೆಂಗಳೂರಿನ ಕಂಪನಿಯವರು ಫೋನಿನಲ್ಲೇ ಸಂದರ್ಶನ ಮಾಡುವ ಕಾಲದಲ್ಲಿ ಈ ಐದೂ ನಿನ್ನ ನಾಲಿಗೆಯ ತುದಿಯಲ್ಲಿರಬೇಕು.

ಸಂದರ್ಶನದಲ್ಲಿ ‘ನಿನ್ನ ಬಗ್ಗೆ ಹೇಳು’ ಎಂದು ಕೇಳುತ್ತಾರೆ. ಇಂಟರ್‌ನೆಟ್ಟಿನಿಂದ ನಕಲು ಮಾಡಿದ ನಾಲ್ಕು ಸಾಲನ್ನು ಒಪ್ಪಿಸಬೇಡ. ‘ಐ ವಾಸ್ ಬಾರ್ನ್ ಅಂಡ್ ಬ್ರಾಟ್ ಅಪ್ ಇನ್ ಹೇಮಾವತಿ’ ಎಂದು ಶುರುಮಾಡು. ‘ಬ್ರಿಂಗ್ ಅಪ್’ ಎಂದರೆ ಸಾಕಿ ಬೆಳೆಸುವುದು, ‘ಗ್ರೋ ಅಪ್’ ಎಂದರೆ ತಾನೇ ಬೆಳೆದು ದೊಡ್ಡವನಾಗುವುದು. ‘ಮೈ ಗ್ರ್ಯಾಂಡ್‌ಮದರ್ ಬ್ರಾಟ್ ಮಿ ಅಪ್’, ‘ಐ ಗ್ರೂ ಅಪ್ ಸ್ಪೀಕಿಂಗ್ ಕನ್ನಡ ಅಂಡ್ ತೆಲುಗು’. ಬೆಳೆಗೆ ‘ಗ್ರೋ’ ಮಾತ್ರ: ‘ವಿ ಗ್ರೋ ಗ್ರೌಂಡ್‌ನಟ್ಸ್ ಅಂಡ್ ಮಲ್ಬೆರಿ’. ಇದು ನಿನ್ನ ನಿಜ. ನಿಜವನ್ನು ಹೇಳುವಾಗ ಪದ ತಾನಾಗಿ ಒದಗುತ್ತದೆ.

ಹೇಮಾವತಿ ಎಲ್ಲಿದೆ ಎಂದು ಕೇಳಿಯೇ ಕೇಳುತ್ತಾರೆ. ಅದಕ್ಕೂ ಸಿದ್ಧನಾಗಿರು. ಇದು ಹಳೆಯ ಹೆಂಜೇರು, ನೊಳಂಬವಾಡಿ 32,000 ಎಂಬ ನಾಡನ್ನು ಆಳಿದ ನೊಳಂಬ ಅರಸರ ರಾಜಧಾನಿ. ನಮ್ಮ ಕಲ್ಲುಗಳ ಮೇಲೆ ಕನ್ನಡದ ಶಾಸನಗಳಿವೆ. ದೊಡ್ಡೇಶ್ವರನ ಗುಡಿಯಲ್ಲಿ ಕಲ್ಲನ್ನು ಕೊರೆದು ಮಾಡಿದ ಜಾಲಂಧ್ರಗಳಿವೆ. ಸಿದ್ಧೇಶ್ವರನ ಗುಡಿಯಲ್ಲಿ ಶಿವ ಲಿಂಗವಾಗಿರದೆ ಮನುಷ್ಯರೂಪದಲ್ಲಿ ಕುಳಿತಿದ್ದಾನೆ. ಇಲ್ಲಿಂದ ಹೋದ ಕಂಬಗಳು ಚೆನ್ನೈ ಮ್ಯೂಸಿಯಮ್ಮಿನಲ್ಲಿವೆ. ಇದನ್ನು ನೋಡಲು ದೂರದಿಂದ ಬಂದವರಿಗೆ ನೀನೇ ತೋರಿಸಬೇಕಾಗಿ ಬಂದರೆ? ‘ಪ್ಲೀಸ್ ಟೇಕ್ ಆಫ್ ಯುವರ್ ಶೂಸ್. ಕಮ್ ಇನ್. ಲುಕ್ ಅಪ್ ಅಟ್ ದ ಸೀಲಿಂಗ್. ವಾಕ್ ರೌಂಡ್ ದ ಪಿಲ್ಲರ್. ದಿಸ್ ಟೆಂಪಲ್ ಡೇಟ್ಸ್ ಬ್ಯಾಕ್ ಟು ದ ನೊಳಂಬ ಪೀರಿಯಡ್’. ‘ಡೇಟ್ ಬ್ಯಾಕ್ ಟು’ ಎಂದರೆ ಇಂಥ ಕಾಲಕ್ಕೆ ಸೇರಿದ್ದು. ಐದು ಚಿಕ್ಕ ವಾಕ್ಯ, ದೊಡ್ಡ ಪದವೊಂದೂ ಇಲ್ಲ, ಆದರೂ ಬಂದವರು ನಿನ್ನನ್ನು ಮೆಚ್ಚಿಕೊಂಡು ಹೋಗುತ್ತಾರೆ.

ನಮ್ಮ ಗಡಿಯ ಸ್ಥಿತಿ ನಿನಗೆ ಗೊತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ತಾಲ್ಲೂಕು ಆ ಕಡೆಗೆ ಸೇರಿತು. ಮಡಕಶಿರಾ ಮೊದಲಿನಿಂದ ಅನಂತಪುರ ಜಿಲ್ಲೆಯಲ್ಲೇ ಇತ್ತು. 2022ರಲ್ಲಿ ಜಿಲ್ಲೆ ಒಡೆದಾಗ ನಾವು ಶ್ರೀ ಸತ್ಯಸಾಯಿ ಜಿಲ್ಲೆಗೆ ಬಂದೆವು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಗೆರೆಗಳು ಬದಲಾದವು, ಮನೆಯ ಮಾತು ಬದಲಾಗಲಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸುವ ಏರ್ಪಾಡು ಮಾಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ನೀನು ಕನ್ನಡದಲ್ಲಿ ಓದಿದ್ದು ಯಾರೋ ತೋರಿಸಿದ ದಯೆಯಲ್ಲ, ನಿನ್ನ ಹಕ್ಕು. ಜೊತೆಗೆ ತೆಲುಗು ಬಂತು. ಎರಡು ಭಾಷೆಯಲ್ಲಿ ಸಲೀಸಾಗಿ ಬದುಕುವವನು ಮೂರನೆಯದಕ್ಕೆ ಅಂಜಬೇಕಾದ ಕಾರಣವೇ ಇಲ್ಲ.

ಇನ್ನು ಮಾಡಬೇಕಾದದ್ದು. ಈ ಜೋಡುಪದಗಳನ್ನು ಇಂಗ್ಲಿಷಿನಲ್ಲಿ ‘ಫ್ರೇಸಲ್ ವರ್ಬ್’ ಎನ್ನುತ್ತಾರೆ. ‘ಐನೂರು ಫ್ರೇಸಲ್ ವರ್ಬ್‌ಗಳು’ ಎಂಬಂಥ ಪಟ್ಟಿ ಕೈಗೆ ಬಂದರೆ ಬದಿಗಿಡು. ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟುಕೊ. ರಾತ್ರಿ ಮಲಗುವ ಮುಂಚೆ ಆ ದಿನ ನಿಜವಾಗಿ ನಡೆದ ಮೂರು ಸಂಗತಿಯನ್ನು ಮೂರು ಜೋಡುಪದದಲ್ಲಿ ಬರೆ. ಸುಳ್ಳು ವಾಕ್ಯ ಬೇಡ, ಲಂಡನ್ನಿನ ಟಾಮು, ಮೇರಿ ಬೇಡ. ಐದು ಗಂಟೆಗೆ ಎಚ್ಚರವಾಯಿತು, ಐದೂವರೆಗೆ ಎದ್ದೆ: ‘ಐ ವೋಕ್ ಅಪ್ ಅಟ್ ಫೈವ್ ಅಂಡ್ ಗಾಟ್ ಅಪ್ ಅಟ್ ಹಾಫ್ ಪಾಸ್ಟ್ ಫೈವ್’. ಎಚ್ಚರವಾಗುವುದು ಬೇರೆ, ಏಳುವುದು ಬೇರೆ. ಕನ್ನಡದಲ್ಲಿ ಬೇರೆ ಇರುವಂತೆ ಅಲ್ಲಿಯೂ ಬೇರೆ. ಅರ್ಥ ಗೊತ್ತಾಗದಿದ್ದರೆ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟನ್ನೋ ಜಿ. ವೆಂಕಟಸುಬ್ಬಯ್ಯನವರ ನಿಘಂಟನ್ನೋ ತೆಗೆ. ಮುಖ್ಯ ಪದದ ಅರ್ಥ ನೋಡಿ ಪುಟ ಮುಚ್ಚಬೇಡ. ಅದರ ಕೆಳಗೆ ಕೊಟ್ಟಿರುವ ಪದಗುಚ್ಛಗಳವರೆಗೂ ಓದು. ‘ಪುಟ್’, ‘ಟೇಕ್’, ‘ಗೆಟ್’ ಪದಗಳಿಗೆ ಅಲ್ಲಿ ಎಷ್ಟು ಜಾಗ ಕೊಟ್ಟಿದ್ದಾರೆಂದು ನೋಡಿದರೆ ಇಂಗ್ಲಿಷಿನ ಜೀವ ಎಲ್ಲಿದೆಯೆಂದು ನಿನಗೇ ಗೊತ್ತಾಗುತ್ತದೆ.

ಬರೆದದ್ದನ್ನು ಬಾಯಿಬಿಟ್ಟು ಓದು. ಗೆಳೆಯನೊಬ್ಬನನ್ನು ಜೊತೆಮಾಡಿಕೊ. ಕೆರೆ ಏರಿಯ ಮೇಲೆ ಸಂಜೆ ತಿರುಗಾಡುವಾಗ ಅರ್ಧ ಗಂಟೆ ಇಂಗ್ಲಿಷಿನಲ್ಲೇ ಮಾತಾಡಿ. ತಪ್ಪಾದರೆ ನಗುವವರು ಇರುತ್ತಾರೆ, ಇರಲಿ. ಅವರ ನಗು ಎರಡು ದಿನ. ಬಂದ ಮಾತು ಜೀವಮಾನಕ್ಕೆ. ತಪ್ಪನ್ನು ತಿದ್ದುವವರು ಸಿಕ್ಕರೆ ಕೈಮುಗಿದು ತಿದ್ದಿಸಿಕೊ.

ಕೊನೆಯದಾಗಿ ಇದನ್ನು ಮರೆಯಬೇಡ. ಈ ನೋಟ್‌ಬುಕ್ಕು ತುಂಬುವ ಹೊತ್ತಿಗೆ ನಿನ್ನ ತಂಗಿ ಎಂಟನೇ ಕ್ಲಾಸಿನಲ್ಲಿರುತ್ತಾಳೆ. ಅವಳನ್ನು ಕೂರಿಸಿಕೊಂಡು ಹೇಳಿಕೊಡು. ಮೊದಲು ಕನ್ನಡದ ವಾಕ್ಯ ಹೇಳಿಸು, ಆಮೇಲೆ ಇಂಗ್ಲಿಷಿನದು. ‘ಹೂ ಮುಡಿದೆ’ ಎಂದು ಅವಳು ಸರಿಯಾಗಿ ಹೇಳಲಿ, ‘ಸ್ವಿಚ್ ಇಟ್ ಆಫ್’ ಎಂದೂ ಸರಿಯಾಗಿ ಹೇಳಲಿ. ‘ಕನ್ನಡ ಮೀಡಿಯಂ, ನಮಗೆ ಬರಲ್ಲ’ ಎಂಬ ಮಾತು ಅವಳ ಬಾಯಿಂದ ಒಂದು ದಿನವೂ ಬಾರದ ಹಾಗೆ ನೋಡಿಕೊಳ್ಳುವುದು ಇನ್ನು ನಿನ್ನ ಹೊಣೆ.